ಅಗಸಿಯ ಮುಂದೆ ನಿಂತ ಟ್ರೇಲರ್

(ಗಾಳಿ ಮತ್ತು ಸೋಲಾರ್ ವಿದ್ಯುತ್ ಯೋಜನೆಗಳಿಗೆ ಹಳ್ಳಿಗಳಲ್ಲಿ ಏಳುವ ತಕರಾರಿನ ಬಗ್ಗೆ ವಿಜಯಪುರದಲ್ಲಿ ರೈತರು, ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ಕಂಪನಿಗಳ ಜಮೀನು ವಿಭಾಗದವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ಶರಣು.

ಈಗ ಬರುವ ಗಾಳಿಯಂತ್ರದ ಒಂದೊಂದು ರೆಕ್ಕೆ 65ರಿಂದ 75 ಮೀಟರ್ ಉದ್ದ. ಒಂದು ಗುಂಟೆಯ ಚೌಕಗಳನ್ನು ಸಾಲಾಗಿ ಏಳು ಇಟ್ಟರೆ ಎಷ್ಟಾಗುತ್ತದೋ ಅಷ್ಟು. ಅದನ್ನು ಹೊತ್ತ ಟ್ರೇಲರ್ ಊರ ಅಗಸಿಯ (ಹೆಬ್ಬಾಗಿಲಿನ) ಮುಂದೆ ತಿರುಗಬೇಕೆಂದರೆ ಒಂದು ಕಡೆ ಕಟ್ಟೆ ಒಡೆಯಬೇಕು, ಇನ್ನೊಂದು ಕಡೆ ಯಾರದೋ ಹೊಲದ ಮೂಲೆ ತುಳಿಯಬೇಕು, ಮೇಲಿನ ಹೆಸ್ಕಾಂ ತಂತಿ ಬಿಚ್ಚಿ ಅರ್ಧ ದಿನ ಕರೆಂಟ್ ತೆಗೆಯಬೇಕು. ಹೆಚ್ಚಿನ ಊರುಗಳಲ್ಲಿ ವಿರೋಧ ಕಣ್ಣಿಗೆ ಬೀಳುವುದೇ ಆ ದಿನ. ಅಷ್ಟೊತ್ತಿಗೆ ಹೊಲ ಬರೆದುಕೊಟ್ಟು, ಮುಂಗಡ ತೆಗೆದುಕೊಂಡು, ಗುಂಡಿಯೂ ತೋಡಿ ಆಗಿರುತ್ತದೆ. ಕಂಪನಿಯವರು ಕೇಳುತ್ತಾರೆ: ಇಷ್ಟು ದಿನ ಸುಮ್ಮನಿದ್ದವರು ಈಗ ಯಾಕೆ ಅಡ್ಡ ಬಂದರು? ಸುಮ್ಮನಿದ್ದವರು ಹೊಲ ಕೊಟ್ಟವರು, ಅಡ್ಡ ಬಂದವರು ಪಕ್ಕದ ಹೊಲದವರು. ಎರಡೂ ಬೇರೆ ಬೇರೆ ಜನ. ಇವತ್ತಿನ ಮಾತೆಲ್ಲ ಈ ಪಕ್ಕದ ಹೊಲದವನ ಬಗ್ಗೆಯೇ.

ಅವನನ್ನು ಮೊದಲೇ ಕೇಳುವ ಜಾಗ ಕಾನೂನಿನಲ್ಲಿ ಇಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಣಿ, ಅಣೆಕಟ್ಟು, ಶಾಖೋತ್ಪನ್ನ ಸ್ಥಾವರ ಇವೆ. ಗಾಳಿಯಂತ್ರವಾಗಲಿ ಸೋಲಾರ್ ಫಲಕಗಳ ಸ್ಥಾವರವಾಗಲಿ ಇಲ್ಲ. ಕಲ್ಲಿದ್ದಲ ಸ್ಥಾವರ ಬರುವಾಗ ಶಾಮಿಯಾನ ಹಾಕಿ, ಮೈಕ್ ಇಟ್ಟು, ಸಾರ್ವಜನಿಕ ಅಹವಾಲು ಕೇಳಬೇಕು. ಆ ಅಹವಾಲು ಹೇಗೆ ನಡೆಯುತ್ತದೆ ಎನ್ನುವುದು ಬೇರೆ ಮಾತು, ಬೈಯುವುದಕ್ಕಾದರೂ ಒಂದು ದಿನ ಇರುತ್ತದೆ. ಗಾಳಿ, ಬಿಸಿಲಿನ ಯೋಜನೆಗೆ ಅದೂ ಇಲ್ಲ. ಅರಣ್ಯ ಜಮೀನು ಸಿಕ್ಕಿಬಿದ್ದರೆ, ಅಥವಾ ಬೀಳಗಿ-ಮುಧೋಳ ನಡುವಿನ ಯಡಹಳ್ಳಿ ಚಿಂಕಾರ ಧಾಮದಂಥ ಜಾಗ ಹತ್ತಿರ ಬಂದರೆ ಅರಣ್ಯ ಇಲಾಖೆ ಮಾತಾಡುತ್ತದೆ. ಉಳಿದಂತೆ ಇದು ಕಂಪನಿಗೂ ಉತಾರದಲ್ಲಿ (ಪಹಣಿಯಲ್ಲಿ) ಹೆಸರಿರುವವನಿಗೂ ಮಧ್ಯದ ಖಾಸಗಿ ವ್ಯವಹಾರ.

ಇದರ ಜೊತೆಗೆ ಈ ಭಾಗದ ನೆನಪೂ ಸೇರುತ್ತದೆ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಅರ್ಧ ಊರೇ ಹೋಗಿ ನವನಗರ ಎದ್ದಿತು. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ದರ ನಿಗದಿಯಾಗಲು ಜನ ವರ್ಷಗಟ್ಟಲೆ ಕಾದರು. 2025ರಲ್ಲಿ ಮುಳುಗಡೆ ಜಮೀನಿಗೆ ಒಣಬೇಸಾಯದ್ದಾದರೆ ಎಕರೆಗೆ 30 ಲಕ್ಷ, ನೀರಾವರಿಯದ್ದಾದರೆ 40 ಲಕ್ಷ ಎಂದಾಯಿತು. 2,400 ಮೆಗಾವಾಟ್‌ನ ಕೂಡಗಿ ಕಲ್ಲಿದ್ದಲ ಸ್ಥಾವರದ ವಿರುದ್ಧ 2014ರಲ್ಲಿ ಚಳವಳಿ ನಡೆದಾಗ ಗೋಲಿಬಾರ್ ಆಯಿತು. ಇದನ್ನೆಲ್ಲ ನೋಡಿದ ರೈತನ ಮುಂದೆ "ಇದು ಹಸಿರು ವಿದ್ಯುತ್, ಹೊಗೆ ಇಲ್ಲ, ಧೂಳಿಲ್ಲ" ಎಂದು ಬಣ್ಣದ ಪುಸ್ತಿಕೆ ಹಂಚಿದರೆ ಅವನು ನಗುತ್ತಾನೆ. ಹೊಗೆ ಇಲ್ಲ ಎನ್ನುವುದು ಖರೆ. ಧೂಳಿನ ಮಾತಿಗೆ ಈಗ ಬರುತ್ತೇನೆ.

ಎರೆ ಭೂಮಿಯಲ್ಲಿ ಕ್ರೇನ್ ನಿಲ್ಲುವುದಿಲ್ಲ. ಮಳೆಗೆ ಉಬ್ಬಿ, ಬೇಸಿಗೆಗೆ ಮೊಣಕಾಲುದ್ದ ಬಿರುಕು ಬಿಡುವ ಮಣ್ಣು ಅದು. ಹಾಗಾಗಿ ಮೊದಲ ಕೆಲಸ ಗರಸು (ಗಟ್ಟಿ ಕಲ್ಲುಮಣ್ಣು) ಹಾಕಿ ದಾರಿ ಏರಿಸುವುದು. ಆರು ಮೀಟರ್ ಅಗಲ, ಅರ್ಧ ಮೀಟರ್ ದಪ್ಪ ಎಂದು ಹಿಡಿಯಿರಿ. ಒಂದು ಕಿಲೋಮೀಟರಿಗೆ 3,000 ಘನ ಮೀಟರ್, ಅಂದರೆ ಸಾವಿರ ಬ್ರಾಸಿನ ಮೇಲೆ (ಒಂದು ಬ್ರಾಸ್ ಎಂದರೆ ನೂರು ಘನ ಅಡಿ). ಟಿಪ್ಪರಿಗೆ ಮೂರೂವರೆ ಬ್ರಾಸ್ ಎಂದರೆ ಸುಮಾರು 300 ಟ್ರಿಪ್. ಈ ಗರಸು ಯಾವ ಗುಡ್ಡದ್ದು, ಗಣಿ ಇಲಾಖೆಗೆ ರಾಜಧನ ಕಟ್ಟಿದ ಚೀಟಿ ಇದೆಯೋ ಇಲ್ಲವೋ ಎಂಬುದು ಪಂಚಾಯಿತಿಯವರು ಕೇಳಬೇಕಾದ ಮೊದಲ ಪ್ರಶ್ನೆ. ಊರ ಗಾಯರಾಣದ (ದನ ಮೇಯುವ ಸರ್ಕಾರಿ ಜಾಗದ) ಗುಡ್ಡವೇ ರಾತ್ರೋರಾತ್ರಿ ಕರಗಿದರೆ ಆಮೇಲೆ ಕೇಳಿ ಉಪಯೋಗವಿಲ್ಲ.

ದಾರಿಯ ನಿಜವಾದ ಪೆಟ್ಟು ಬೀಳುವುದು ಮೊದಲ ದೊಡ್ಡ ಮಳೆಗೆ. ನಮ್ಮ ಹೊಲಗಳ ಒಡ್ಡುಗಳನ್ನು ಇಳಿಜಾರಿಗೆ ಅಡ್ಡಲಾಗಿ ಹಾಕಿರುತ್ತಾರೆ. ನೀರು ಒಡ್ಡಿನಗುಂಟ ನಿಧಾನಕ್ಕೆ ಸರಿದು, ಕಲ್ಲು ಕಟ್ಟಿದ ಜಾಗದಲ್ಲಿ ಕೆಳಗಿನ ಹೊಲಕ್ಕೆ ಇಳಿದು, ಕೊನೆಗೆ ಹಳ್ಳ ಸೇರುತ್ತದೆ. ಹೊಸ ದಾರಿ ಈ ಒಡ್ಡುಗಳನ್ನು ಸೀಳಿಕೊಂಡು ನೇರ ಇಳಿದರೆ ದಾರಿಯೇ ಕಾಲುವೆಯಾಗುತ್ತದೆ. ಅಡ್ಡ ಹೋದರೆ ದಾರಿಯೇ ಇನ್ನೊಂದು ಒಡ್ಡಾಗಿ, ಮೇಲಿನ ಹೊಲದಲ್ಲಿ ನೀರು ನಿಂತು ತೊಗರಿ ಬೇರು ಕೊಳೆಯುತ್ತದೆ. ಗುತ್ತಿಗೆದಾರ ಒಂದೂವರೆ ಅಡಿ ಪೈಪ್ ಒಂದನ್ನು ಹೂತು "ನೀರಿಗೆ ದಾರಿ ಬಿಟ್ಟಿದ್ದೀವಿ" ಎನ್ನುತ್ತಾನೆ. ಜೋಳದ ದಂಟು, ಕಸ ಸೇರಿ ಒಂದೇ ಮಳೆಗೆ ಅದು ಕಟ್ಟುತ್ತದೆ. ಕಟ್ಟಿದ ನೀರು ದಾರಿಯ ಮೇಲಿಂದ ಹಾರಿ ಒಂದೇ ಜಾಗದಲ್ಲಿ ಬಿದ್ದು ಕೆಳಗಿನವನ ಹೊಲದಲ್ಲಿ ಕೊರಕಲು ಮಾಡುತ್ತದೆ. ಆ ಕೆಳಗಿನವನಿಗೆ ಕಂಪನಿಯಿಂದ ಒಂದು ರೂಪಾಯಿಯೂ ಬಂದಿರುವುದಿಲ್ಲ. ಅವನು ದಾರಿ ಅಗೆದು ಹಾಕುತ್ತಾನೆ, ಕಂಪನಿ ಪೊಲೀಸರಿಗೆ ದೂರು ಕೊಡುತ್ತದೆ. ಪತ್ರಿಕೆಯಲ್ಲಿ "ಪವನ ವಿದ್ಯುತ್‌ಗೆ ರೈತರ ವಿರೋಧ" ಎಂದು ಬರುತ್ತದೆ. ಗಲಾಟೆಯ ಮೂಲ ಒಂದು ಪೈಪು.

ಇದಕ್ಕೆ ಮದ್ದು ಕಷ್ಟದ್ದಲ್ಲ. ಗರಸು ಬೀಳುವ ಮೊದಲೇ, ಮಳೆಗಾಲದಲ್ಲಿ ನೀರು ಎಲ್ಲಿ ಹರಿಯುತ್ತದೆ ಎಂದು ಊರ ಇಬ್ಬರು ಹಿರಿಯರ ಜೊತೆ ಆ ದಾರಿಗುಂಟ ನಡೆದು, ಪ್ರತಿ ದಾಟುವ ಜಾಗಕ್ಕೂ ಬಿಳಿ ಸುಣ್ಣದ ಗುರುತು ಹಾಕಬೇಕು. ಅಲ್ಲಿ ಪೈಪಿನ ಬದಲು ದಾರಿಯನ್ನೇ ತಗ್ಗಿಸಿ ಕಲ್ಲು-ಕಾಂಕ್ರೀಟಿನ ಹಾಸು ಹಾಕಿದರೆ ನೀರು ಮೇಲಿಂದ ಹರಿದು ಹೋಗುತ್ತದೆ. ಒಡೆದ ಒಡ್ಡುಗಳನ್ನು ಮೇ ತಿಂಗಳ ಒಳಗೆ ಕಟ್ಟಿಕೊಡಬೇಕೆಂದು ಕರಾರಿನಲ್ಲಿ ದಿನಾಂಕ ಸಮೇತ ಬರೆಸಬೇಕು. "ಕೆಲಸ ಮುಗಿದ ಮೇಲೆ ಸರಿಪಡಿಸಲಾಗುವುದು" ಎಂದಿದ್ದರೆ ಅದು ಎರಡು ಮಳೆಗಾಲ ದಾಟುತ್ತದೆ.

ಬುನಾದಿಯ ಲೆಕ್ಕವೂ ಗೊತ್ತಿರಲಿ. 18ರಿಂದ 22 ಮೀಟರ್ ಅಗಲದ ದುಂಡು ಗುಂಡಿ, ಸುಮಾರು ಮೂರು ಮೀಟರ್ ಆಳ. ಅದಕ್ಕೆ 400ರಿಂದ 600 ಘನ ಮೀಟರ್ ಕಾಂಕ್ರೀಟ್, 40ರಿಂದ 60 ಟನ್ ಕಬ್ಬಿಣ. ಕಾಂಕ್ರೀಟನ್ನು ಒಂದೇ ಸಲಕ್ಕೆ ಸುರಿಯಬೇಕು, ನಡುವೆ ನಿಂತರೆ ಹಳೆ ಪದರಕ್ಕೂ ಹೊಸ ಪದರಕ್ಕೂ ಬೆಸುಗೆ ಕೂಡದೆ ಇಡೀ ಬುನಾದಿ ಅನುಮಾನಕ್ಕೆ ಬೀಳುತ್ತದೆ. ಆರು ಘನ ಮೀಟರಿನ ಮಿಕ್ಸರ್ ಗಾಡಿ 80-90 ಸಲ ಓಡಾಡಬೇಕು, ರಾತ್ರಿಯೂ. ಆ ದಿನ ದಾರಿ ತಡೆದರೆ ಕಂಪನಿಗೆ ಹೊಡೆತ ಜೋರು ಎಂಬುದು ಈಗ ಊರವರಿಗೂ ತಿಳಿದಿದೆ, ಹಾಗಾಗಿಯೇ ತಡೆ ಬೀಳುವುದು ಹೆಚ್ಚಾಗಿ ಆ ದಿನವೇ. ಗುಂಡಿಯಿಂದ ಎದ್ದ ಮಣ್ಣಿನಲ್ಲಿ ಮೇಲಿನ ಒಂದು ಅಡಿ ಎರೆಯನ್ನು ಬೇರೆ ಗುಡ್ಡೆ ಹಾಕಿಸಿ. ಅಡಿಯ ಸುಣ್ಣಕಲ್ಲಿನ ಮಣ್ಣು ಪಕ್ಕದ ಹೊಲದ ಮೇಲೆ ಹರಡಿತೆಂದರೆ ಅಲ್ಲಿ ಕೆಲವು ವರ್ಷ ಕಡಲೆಯೂ ಸರಿಯಾಗಿ ಏಳದು.

ಇನ್ನು ಧೂಳು. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳ ಮಗ್ಗುಲಿಗೆ ದಿನಕ್ಕೆ ಐವತ್ತು ಟಿಪ್ಪರ್ ಓಡಿದರೆ ಏನಾಗುತ್ತದೆ ಎಂದು ಬೆಳೆಗಾರರನ್ನು ಕೇಳಿ. ಗೊಂಚಲಿನ ಮೇಲೆ ಕೂತ ಗರಸಿನ ಧೂಳು ತೊಳೆದರೂ ಪೂರ್ತಿ ಹೋಗುವುದಿಲ್ಲ. ಒಣದ್ರಾಕ್ಷಿಯ ಶೆಡ್ಡಿಗೆ ಹೊಕ್ಕರೆ ಇನ್ನೂ ಕಷ್ಟ: ಎಣ್ಣೆ-ಪೊಟ್ಯಾಶ್ ದ್ರಾವಣದಲ್ಲಿ ಅದ್ದಿ ಬಲೆಯ ಮೇಲೆ ಹರಡಿದ ಹಣ್ಣಿನ ಮೈ ಅಂಟಂಟು, ಧೂಳು ಅಲ್ಲೇ ಕೂತು ಹಣ್ಣು ಕಪ್ಪಾಗಿ ದರ ಇಳಿಯುತ್ತದೆ. ಒಣಗಿಸುವ ಕಾಲ ಫೆಬ್ರುವರಿಯಿಂದ ಏಪ್ರಿಲ್, ಗುತ್ತಿಗೆದಾರನ ಕೆಲಸದ ಕಾಲವೂ ಅದೇ. ದಿನಕ್ಕೆ ಒಂದು ಸಲ ಟ್ಯಾಂಕರ್ ನೀರು ಹೊಡೆದರೆ ಸಾಲದು, ಬಿಸಿಲಿಗೆ ಎರಡು ತಾಸಿನಲ್ಲಿ ಆರುತ್ತದೆ. ಶೆಡ್ಡು, ತೋಟ ಇರುವ ಇನ್ನೂರು-ಮುನ್ನೂರು ಮೀಟರಿಗಾದರೂ ಡಾಂಬರು ಹಾಕಿಸಿಕೊಳ್ಳಿ, ಇಲ್ಲವೇ ಆ ಮೂರು ತಿಂಗಳು ಬೇರೆ ದಾರಿ ಹಿಡಿಸಿ. ಗುಡಿಯ ಗೋಪುರಕ್ಕೆ ಐದು ಲಕ್ಷ ದೇಣಿಗೆ ಕೊಟ್ಟು ಶಾಲು ಹೊದೆಸಿಕೊಂಡು ಹೋದ ಕಂಪನಿಯವರಿಗೆ ಈ ಮುನ್ನೂರು ಮೀಟರ್ ಡಾಂಬರು ಅಗ್ಗವಾಗುತ್ತಿತ್ತು.

ಈಗ ತಂತಿಯ ವಿಷಯ. ಹೆಚ್ಚು ದುಡ್ಡು ಇರುವುದೂ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇಲ್ಲೇ.

66 ಕೆ.ವಿ. ಮತ್ತು ಮೇಲಿನ ಪ್ರಸರಣ ಮಾರ್ಗಗಳಿಗೆ ಕೇಂದ್ರ ಇಂಧನ ಸಚಿವಾಲಯ 2015ರಲ್ಲಿ ಪರಿಹಾರದ ಮಾರ್ಗಸೂಚಿ ತಂದಿತು: ಗೋಪುರದ ಬುಡಕ್ಕೆ ಜಮೀನು ಬೆಲೆಯ ಶೇ. 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ. 15. 2024ರ ಜೂನ್‌ನಲ್ಲಿ ಅದನ್ನು ಬುಡಕ್ಕೆ ಶೇ. 200, ಪಟ್ಟಿಗೆ ಶೇ. 30 ಎಂದು ಏರಿಸಿತು. ರಾಜ್ಯದೊಳಗಿನ ಮಾರ್ಗಕ್ಕೆ ರಾಜ್ಯದ ಆದೇಶ ಏನಿದೆ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ, ಪ್ರತಿ ಪಡೆಯಿರಿ. ಬೆಳೆ ಮತ್ತು ಗಿಡಮರದ ಪರಿಹಾರ ಇದರ ಮೇಲೆ ಬೇರೆ. ಈಗ ಒಂದು ಲೆಕ್ಕ ಮಾಡೋಣ. ಎಕರೆಗೆ 10 ಲಕ್ಷ ಎಂದು ಬೆಲೆ ಹಿಡಿಯಿರಿ. 220 ಕೆ.ವಿ. ಗೋಪುರದ ಬುಡ 7 ಮೀಟರ್ ಚೌಕ ಎಂದರೆ, ಸುತ್ತ ಒಂದು ಮೀಟರ್ ಸೇರಿಸಿ 9 ಮೀಟರ್ ಚೌಕ, 81 ಚದರ ಮೀಟರ್. ಒಂದು ಗುಂಟೆಯೂ ಆಗಲಿಲ್ಲ. ಅದರ ಬೆಲೆ 20 ಸಾವಿರ, ಶೇ. 200 ಎಂದರೆ 40 ಸಾವಿರ ರೂಪಾಯಿ. ಅದೇ ತಂತಿ ನಿಮ್ಮ ಹೊಲದ ಮೇಲೆ 120 ಮೀಟರ್ ಹಾದು ಹೋದರೆ, 220 ಕೆ.ವಿ. ಮಾರ್ಗದ ಪಟ್ಟಿ 35 ಮೀಟರ್ ಅಗಲ ಎಂದು ಹಿಡಿದರೆ 4,200 ಚದರ ಮೀಟರ್, ಒಂದು ಎಕರೆಯ ಮೇಲೆ. ಅದಕ್ಕೆ ಶೇ. 30 ಎಂದರೆ 3 ಲಕ್ಷ 11 ಸಾವಿರ. ಜನ ಗೋಪುರದ ಕಾಲಿಗೆ ಜಗಳ ತೆಗೆದು, ಅದರ ನಾಲ್ಕು ಕಾಸು ಹೆಚ್ಚು ಮಾಡಿಸಿಕೊಂಡು, ಪಟ್ಟಿಯ ದುಡ್ಡಿಗೆ ಸಹಿ ಹಾಕದೇ ಮನೆಗೆ ಬರುತ್ತಾರೆ. ಗೋಪುರವಿಲ್ಲದ, ಬರೀ ತಂತಿ ಹಾಯ್ದ ಹೊಲದವನಿಗೆ ತನಗೂ ಹಕ್ಕಿದೆ ಎಂಬುದೇ ಗೊತ್ತಿರುವುದಿಲ್ಲ.

ಆದರೆ ಗಾಳಿಯಂತ್ರದಿಂದ ಕಂಪನಿಯ ಉಪಕೇಂದ್ರಕ್ಕೆ ಹೋಗುವ ತಂತಿ ಸಾಮಾನ್ಯವಾಗಿ 33 ಕೆ.ವಿ. ಆ ಮಾರ್ಗಸೂಚಿ ಇದಕ್ಕೆ ಅನ್ವಯಿಸದು. ಇಲ್ಲಿ ಕೇಳಬೇಕಾದ ಕಾಗದ ಬೇರೆ. 2003ರ ವಿದ್ಯುತ್ ಕಾಯ್ದೆಯ 164ನೇ ಕಲಂ ಪ್ರಕಾರ ಸರ್ಕಾರ ಆದೇಶ ಹೊರಡಿಸಿ ಹಳೆಯ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಕೊಟ್ಟಿದ್ದರೆ ಮಾತ್ರ ಮಾಲೀಕನ ಒಪ್ಪಿಗೆ ಇಲ್ಲದೆಯೂ ಕಂಬ ನಿಲ್ಲಿಸಬಹುದು. ಆಗಲೂ ಅಡ್ಡಿ ಬಂದರೆ ಜಿಲ್ಲಾ ದಂಡಾಧಿಕಾರಿಯ ಆದೇಶ ಬೇಕು, ಪರಿಹಾರ ಸಾಲದಿದ್ದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು. "ಮೇಲಿಂದ ಆರ್ಡರ್ ಐತ್ರಿ" ಎಂದವನಿಗೆ, ಆ ಆರ್ಡರಿನ ನಂಬರು, ತಾರೀಕು ಕೊಡ್ರಿ ಅನ್ನಿ. ಇದ್ದರೆ ಕೊಡುತ್ತಾನೆ.

ಕಬ್ಬಿನ ಸೀಮೆಯವರಿಗೆ, ಅಂದರೆ ಮುಧೋಳ, ಜಮಖಂಡಿ, ಅಥಣಿ, ರಾಯಬಾಗ, ಗೋಕಾಕ ಕಡೆಯವರಿಗೆ ಇನ್ನೊಂದು ಮಾತು. 33 ಕೆ.ವಿ. ತಂತಿ ಹೊಲದ ಮೇಲೆ ಕನಿಷ್ಠ 5.2 ಮೀಟರ್ ಎತ್ತರ ಇರಬೇಕು ಎಂದು ನಿಯಮ. ಬೇಸಿಗೆಯ ಮಧ್ಯಾಹ್ನ, ತಂತಿಯಲ್ಲಿ ಪೂರ್ತಿ ಕರೆಂಟ್ ಹರಿಯುವಾಗ ಅದು ಕಾಯ್ದು ಜೋಲುತ್ತದೆ, ಆ ಅತಿ ಜೋಲಿನ ಹೊತ್ತಿನ ಲೆಕ್ಕ ಅದು. ಕಬ್ಬು ಹೇರಿದ ಟ್ರೇಲರ್ ನಾಲ್ಕು ಮೀಟರ್ ಎತ್ತರ ಎನ್ನಿ. ಅದರ ಮೇಲೆ ಹಗ್ಗ ಬಿಗಿಯಲು ನಿಂತ ಮನುಷ್ಯನನ್ನು ನೆನೆಸಿಕೊಳ್ಳಿ. ನಿಯಮದ ಪ್ರಕಾರವೇ ಇರುವ ತಂತಿ ಅವನ ಎದೆಮಟ್ಟಕ್ಕೆ ಬರುತ್ತದೆ. ಕಬ್ಬಿನ ಹೊಲದ ಮೇಲೆ ಎತ್ತರದ ಕಂಬ, ಹತ್ತಿರ ಹತ್ತಿರ ಅಂತರ ಎಂದು ಒಪ್ಪಿಗೆ ಪತ್ರದಲ್ಲೇ ಬರೆಸಿ. ಕಂಬದ ಅಂತರ ಹೆಚ್ಚಾಗಿ ತಂತಿ ಸಡಿಲಾದರೆ ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರುತ್ತದೆ, ಒಣ ರವದಿಗೆ (ಕಬ್ಬಿನ ಗರಿಗೆ) ಅಷ್ಟೇ ಸಾಕು.

ದೂರದ ತಕರಾರು. ಕೇಂದ್ರದ 2016ರ ಪವನ ವಿದ್ಯುತ್ ಮಾರ್ಗಸೂಚಿಯಲ್ಲಿ ವಾಸದ ಮನೆಯಿಂದ ಗಾಳಿಯಂತ್ರ 500 ಮೀಟರ್ ದೂರ ಇರಬೇಕು ಎಂದಿದೆ. ರಸ್ತೆ, ರೈಲು, ಸಾರ್ವಜನಿಕ ಕಟ್ಟಡಕ್ಕೆ ಬೇರೆ ಸೂತ್ರ: ಕಂಬದ ಎತ್ತರ, ರೆಕ್ಕೆಚಕ್ರದ ಅರ್ಧ ಅಗಲ, ಮೇಲೆ 5 ಮೀಟರ್. 120 ಮೀಟರ್ ಕಂಬ, 140 ಮೀಟರ್ ಚಕ್ರ ಎಂದರೆ 195 ಮೀಟರ್. ತೊಂದರೆ ಅಳತೆ ಶುರುವಾಗುವ ಜಾಗದ್ದು. ನಕ್ಷೆಯಲ್ಲಿ ಗಾವಠಾಣ (ಊರೊಳಗಿನ ಮನೆಗಳ ಜಾಗ) ಕಾಣುತ್ತದೆ, ಹೊಲದ ವಸ್ತಿ (ಹೊಲದಲ್ಲೇ ಕಟ್ಟಿಕೊಂಡ ಮನೆ) ಕಾಣುವುದಿಲ್ಲ. ಪಂಚಾಯಿತಿ ನಂಬರಿಲ್ಲದ ತಗಡಿನ ಮನೆಯಲ್ಲೂ ಮೂರು ತಲೆಮಾರು ಮಲಗುತ್ತದೆ. ದೊಡ್ಡ ಯಂತ್ರ ನಿಮಿಷಕ್ಕೆ 12 ಸುತ್ತು ತಿರುಗಿದರೂ ಮೂರು ರೆಕ್ಕೆಯ ಲೆಕ್ಕದಲ್ಲಿ 36 ಸಲ ಸುಯ್ಯೆನ್ನುತ್ತದೆ. ಹಗಲು ಗೊತ್ತಾಗದು, ರಾತ್ರಿ ಎಲ್ಲ ಸದ್ದು ನಿಂತಾಗ ಗೊತ್ತಾಗುತ್ತದೆ. ವಸತಿ ಪ್ರದೇಶದ ಶಬ್ದದ ಮಿತಿಯೂ ಹಗಲು 55 ಡೆಸಿಬಲ್, ರಾತ್ರಿ 45. ಹಾಗಾಗಿ ಯಂತ್ರ ನಿಲ್ಲುವ ಜಾಗದ ಅಕ್ಷಾಂಶ-ರೇಖಾಂಶ ಕೇಳಿ ಪಡೆದು, ಮೊಬೈಲಿನ ನಕ್ಷೆಯಲ್ಲಿ ಪ್ರತಿ ವಸ್ತಿಯಿಂದ ದೂರ ಅಳೆದು, ಪಂಚಾಯಿತಿಯಲ್ಲಿ ಪಟ್ಟಿ ಇಡಿ. ಗುಂಡಿ ತೋಡುವ ಮೊದಲು ಯಂತ್ರವನ್ನು 80 ಮೀಟರ್ ಸರಿಸುವುದು ಎಂಜಿನಿಯರನಿಗೆ ಒಂದು ವಾರದ ಕೆಲಸ. ಕಾಂಕ್ರೀಟ್ ಬಿದ್ದ ಮೇಲೆ ಯಾರಿಂದಲೂ ಆಗದು.

ಸೋಲಾರಿನ ಕಥೆ ಬೇರೆ. ಗಾಳಿಯಂತ್ರ ಎರಡು-ಮೂರು ಎಕರೆ ತಿಂದು ಉಳಿದದ್ದು ಬಿಡುತ್ತದೆ, ಅದರ ಬುಡದಲ್ಲೇ ಜೋಳ ಬಿತ್ತಬಹುದು. ಸೋಲಾರ್ ಮೆಗಾವಾಟಿಗೆ ನಾಲ್ಕೈದು ಎಕರೆ ಬೇಲಿಯೊಳಗೆ ಹಾಕಿಕೊಳ್ಳುತ್ತದೆ. ಇಲ್ಲಿ ಪಕ್ಕದ ಹೊಲದವನಿಗಿಂತ ಹೊಲವೇ ಇಲ್ಲದವನಿಗೆ ಪೆಟ್ಟು. ಪಾವಗಡದ ಸೋಲಾರ್ ಪಾರ್ಕನ್ನು ನೋಡಿ: 2,050 ಮೆಗಾವಾಟ್, ಸುಮಾರು 13 ಸಾವಿರ ಎಕರೆ, ಹೊಲ ಮಾರಿಸದೆ ಎಕರೆಗೆ ವರ್ಷಕ್ಕೆ 21 ಸಾವಿರದಂತೆ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಾಲೀಕರ ಮಟ್ಟಿಗೆ ಒಳ್ಳೆಯ ಮಾದರಿ ಎಂದೇ ನಮ್ಮ ಅಭಿಪ್ರಾಯ. ಕಳೆ ತೆಗೆಯಲು ಹೋಗುತ್ತಿದ್ದ ಹೆಣ್ಣುಮಕ್ಕಳ ಹೆಸರು ಯಾವ ಕರಾರಿನಲ್ಲೂ ಬರುವುದಿಲ್ಲ. ಲಾವಣಿ (ಗೇಣಿ) ಹಿಡಿದು ಉಳುತ್ತಿದ್ದವನ ಬಳಿಯೂ ಕಾಗದವಿಲ್ಲ, ಮಾಲೀಕ ಯುಗಾದಿಗೆ "ಈ ಸಲ ಬ್ಯಾಡಪ್ಪ" ಅಂದರೆ ಮುಗಿಯಿತು. ಕುರಿ ಹಿಂಡು ಹೋಗುತ್ತಿದ್ದ ದಾರಿ ಬೇಲಿಗೆ ಬಡಿದು ನಿಲ್ಲುತ್ತದೆ. ಬೇಲಿಯ ನಡುವೆ ಹತ್ತು ಮೀಟರ್ ಓಣಿ ಬಿಡಿಸಿಕೊಳ್ಳುವುದು ನಕ್ಷೆ ಹಂತದಲ್ಲಿ ಸುಲಭ. ಸರ್ಕಾರಿ ಗಾಯರಾಣ ಕೇಳಿದರೆ, ಭೂಕಂದಾಯ ನಿಯಮಗಳ 97ನೇ ನಿಯಮದಂತೆ ನೂರು ದನಕ್ಕೆ 30 ಎಕರೆ ಉಳಿಯುತ್ತದೆಯೇ ಎಂದು ಜಾನುವಾರು ಗಣತಿಯ ಅಂಕಿ ಇಟ್ಟು ತಹಶೀಲ್ದಾರರಿಗೆ ಬರೆಯಿರಿ.

ಫಲಕ ತೊಳೆಯುವ ನೀರಿನ ಬಗ್ಗೆ ಅಂಜಿಕೆ ದೊಡ್ಡದಿದೆ, ಲೆಕ್ಕ ಅಷ್ಟು ದೊಡ್ಡದಿಲ್ಲ. ಮೆಗಾವಾಟಿಗೆ 550 ವಾಟ್‌ನ ಸುಮಾರು 1,800 ಫಲಕ, ಒಂದಕ್ಕೆ ಎರಡು ಲೀಟರ್ ಎಂದರೆ ಒಂದು ಸಲಕ್ಕೆ 3,600 ಲೀಟರ್. 50 ಮೆಗಾವಾಟ್ ಸ್ಥಾವರ ತಿಂಗಳಿಗೆ ಎರಡು ಸಲ ತೊಳೆದರೆ 3 ಲಕ್ಷ 60 ಸಾವಿರ ಲೀಟರ್. ಒಂದು ಎಕರೆಗೆ ಒಂದು ಇಂಚು ನೀರು ನಿಲ್ಲಿಸಲು ಲಕ್ಷ ಲೀಟರ್ ಬೇಕು. ಅಂದರೆ ಇನ್ನೂರು ಎಕರೆಯ ಸ್ಥಾವರ ತಿಂಗಳಿಗೆ ಕುಡಿಯುವುದು ಒಂದು ಎಕರೆ ಕಬ್ಬಿಗೆ ಒಂದು ಸಲ ಬಿಟ್ಟಷ್ಟು. ಆದರೆ ಅದು ಹೆಚ್ಚು ತೊಳೆಯುವುದು ಧೂಳಿನ ಏಪ್ರಿಲ್-ಮೇನಲ್ಲಿ, ಊರ ಕುಡಿಯುವ ನೀರಿನ ಬೋರು ಗಾಳಿ ಉಗುಳುವ ಹೊತ್ತಿಗೆ. ಅದೇ ಪದರದಲ್ಲಿ ಅವರ ಬೋರೂ ಇದ್ದರೆ ಜಗಳ ತಪ್ಪದು. ಒಣ ಬ್ರಷ್‌ನಿಂದ ಒರೆಸುವ ಯಂತ್ರಗಳಿವೆ, ಬೇಸಿಗೆಗೆ ಅವನ್ನೇ ಬಳಸಬೇಕೆಂದು ಕರಾರು ಮಾಡಿ.

ಕಾಗದದ ಮಾತನ್ನು ಬೇಗ ಮುಗಿಸುತ್ತೇನೆ. ನೂರು ರೂಪಾಯಿ ಬಾಂಡಿನ ಮೇಲೆ 29 ವರ್ಷದ ಗುತ್ತಿಗೆ ಬರೆದರೆ ಅದು ನಿಲ್ಲುವುದಿಲ್ಲ, ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು. ಉತಾರದ 11ನೇ ಕಾಲಮಿನಲ್ಲಿ ಬೋಜಾ (ಸಾಲದ ಹೊರೆ) ಇದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ಎನ್‌ಎ (ಕೃಷಿಯೇತರ) ಆದ ಭಾಗಕ್ಕೆ ಮುಂದೆ ಬೆಳೆಸಾಲ, ಬೆಳೆವಿಮೆ ಸಿಗದು, ಹಾಗಾಗಿ ಎಷ್ಟು ಗುಂಟೆ ಎನ್‌ಎ ಎಂದು ಹಿಸ್ಸಾ ಮಾಡಿಸಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಕಾಯ್ದೆಯಂತೆ ಮಾರಾಟಕ್ಕಷ್ಟೇ ಅಲ್ಲ, ಗುತ್ತಿಗೆಗೂ ಸರ್ಕಾರದ ಅನುಮತಿ ಬೇಕು. ಅವಧಿ ಮುಗಿದಾಗ ಬುನಾದಿ ಯಾರು ಕೀಳಬೇಕು ಎಂಬುದನ್ನು ಬಿಟ್ಟೇ ಸಹಿ ಹಾಕುತ್ತಾರೆ. 500 ಘನ ಮೀಟರ್ ಕಾಂಕ್ರೀಟ್ ಅಂದರೆ 1,200 ಟನ್. ಕಡೇಪಕ್ಷ ಮೇಲಿನ ಒಂದೂವರೆ ಮೀಟರ್ ಒಡೆದು ಎರೆ ಮುಚ್ಚಬೇಕು, ಅದಕ್ಕೆ ಹತ್ತನೇ ವರ್ಷದಿಂದಲೇ ಬ್ಯಾಂಕ್ ಗ್ಯಾರಂಟಿ ಇಡಬೇಕು ಎಂದು ಬರೆಸಿ. ಆ ಹೊತ್ತಿಗೆ ಕಂಪನಿಯ ಹೆಸರು ಮೂರು ಸಲ ಬದಲಾಗಿರಬಹುದು.

"ಫ್ಯಾನು ನಮ್ಮ ಹೊಲದಾಗ, ಕರೆಂಟು ಬೆಂಗಳೂರಿಗೆ" ಎಂಬ ಸಿಟ್ಟಿಗೆ ಕಾರಣ ತಂತಿಯ ಜೋಡಣೆ. ಯಂತ್ರದ ಕರೆಂಟ್ 33 ಕೆ.ವಿ.ಗೆ ಏರಿ, 220ಕ್ಕೆ ಏರಿ ಜಾಲಕ್ಕೆ ಹೋಗುತ್ತದೆ. ನಿಮ್ಮ ಪಂಪ್‌ಸೆಟ್ಟಿನ 11 ಕೆ.ವಿ. ಫೀಡರಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಊರಿನ ಉಪಕೇಂದ್ರಕ್ಕೇ ಹಗಲು ಕರೆಂಟ್ ಕೊಡುವುದು ಕೇಂದ್ರದ ಕುಸುಮ್ ಸೋಲಾರ್ ಯೋಜನೆಯ ಸಣ್ಣ ಸ್ಥಾವರಗಳು. ಅದರ 'ಎ' ಭಾಗದಲ್ಲಿ ರೈತರು, ರೈತ ಸಂಘಗಳು ಉಪಕೇಂದ್ರದಿಂದ ಐದು ಕಿಲೋಮೀಟರ್ ಒಳಗೆ 500 ಕಿಲೋವಾಟಿನಿಂದ 2 ಮೆಗಾವಾಟ್ ತನಕ ಹಾಕಬಹುದು. ಕಬ್ಬಿನ ಸಿಪ್ಪೆಯಿಂದ ಕರೆಂಟ್ ಮಾಡುವ ಕಾರ್ಖಾನೆಗಳ ಜೊತೆ ಬಾಕಿ ಬಿಲ್ಲಿನ ಜಗಳ ಎಷ್ಟಿದ್ದರೂ, ಅಲ್ಲಿ ರೈತನದೊಂದು ಪಾಲು ಇದೆ. ಕುಸುಮ್‌ನಲ್ಲೂ ಆ ಅವಕಾಶ ಇದೆ.

ಕೊನೆಗೆ, ಪ್ರತಿ ಊರಲ್ಲೂ ಬರುವ ಪ್ರಶ್ನೆ: ಫ್ಯಾನು ಮೋಡ ಓಡಿಸುತ್ತವೆಯೇ? ಇಲ್ಲ. ರೆಕ್ಕೆಯ ತುದಿ 190 ಮೀಟರಿಗೆ ಮುಗಿಯುತ್ತದೆ, ಮುಂಗಾರಿನ ಮೋಡದ ತಳ ಸಾಮಾನ್ಯವಾಗಿ ಅರ್ಧ ಕಿಲೋಮೀಟರಿಗಿಂತ ಮೇಲೆ. ಆದರೆ ಈ ಮಾತು ಹುಟ್ಟಿದ್ದಕ್ಕೆ ಕಾರಣವಿದೆ, ನಗಬೇಡಿ. ನಮ್ಮದು ಸಹ್ಯಾದ್ರಿಯ ಮಳೆನೆರಳು. ಜೂನ್‌ನಿಂದ ಆಗಸ್ಟ್ ತನಕ ಪಡುವಣ ಗಾಳಿ ಜೋರು, ಮೋಡಗಳು ಹನಿಸದೆ ಮೂಡಣಕ್ಕೆ ಓಡುತ್ತವೆ. ಫ್ಯಾನು ಅತಿ ಜೋರಾಗಿ ತಿರುಗುವುದೂ ಆ ದಿನಗಳಲ್ಲೇ. ಬಿತ್ತಿ ಆಕಾಶ ನೋಡುವವನಿಗೆ ಎರಡೂ ಒಟ್ಟಿಗೆ ಕಾಣುತ್ತವೆ. ಕಂಪನಿಯವರು ಬೆಂಗಳೂರಿನಿಂದ ವಿಜ್ಞಾನಿಯನ್ನು ಕರೆಸಿ ಭಾಷಣ ಮಾಡಿಸುವ ಬದಲು, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲೇ ಇವೆಯಲ್ಲ, ಯಂತ್ರ ಬರುವ ಮುಂಚಿನ ವರ್ಷಗಳದ್ದೂ ಬಂದ ಮೇಲಿನದ್ದೂ ಅಂಕಿ ತಂದು, ಫ್ಯಾನಿಲ್ಲದ ಪಕ್ಕದ ಹೋಬಳಿಯ ಅಂಕಿ ಮಗ್ಗುಲಿಗಿಟ್ಟು, ಪಂಚಾಯಿತಿ ಗೋಡೆಗೆ ಅಂಟಿಸಲಿ. ಓದಿ ಜಗಳ ಆಡುವವರು ಅಲ್ಲೇ ಕಟ್ಟೆಯ ಮೇಲೆ ಕೂತಿರುತ್ತಾರೆ.